ಕುಸುಮಕ್ಕನ ಸುಣ್ಣದ ಮೊರ

ಆಗ ನನಗೆ ಇಪ್ಪತ್ತನಾಲ್ಕು. ಐವತ್ತೈದು ವರ್ಷದ ಹಿಂದಿನ ಮಾತು. ನನ್ನ ಓರಗಿತ್ತಿ ಕುಸುಮಕ್ಕನ ಮುಖ ಹಾಲಿನ ಕೆನೆಯ ಬಣ್ಣ, ಕತ್ತಿನ ಹಿಂಭಾಗ ಮಾತ್ರ ಕಾವಲಿಯ ತಳದ ಬಣ್ಣ. ಸೂರ್ಯನನ್ನು ನೋಡಬೇಕೆಂದರೆ ಎಲ್ಲರೂ ಮುಖ ಎತ್ತುತ್ತಾರೆ. ಅವಳು ಸೂರ್ಯನಿಗೆ ಬೆನ್ನು ಹಾಕಿ ಕೂತು ಸೂರ್ಯನನ್ನು ನೋಡುತ್ತಿದ್ದಳು. ಬಿಸಿಲೆಲ್ಲ ಕತ್ತಿಗೆ ಬೀಳುತ್ತಿತ್ತು.

ಆ ಕರೀ ಕತ್ತಿನ ಮೇಲೂ ನನಗೆ ಹೊಟ್ಟೆಕಿಚ್ಚು. ನಾನು ಗದ್ದೆಯಲ್ಲಿ, ಕಣದಲ್ಲಿ ಬೆಂದು ಮೈಯೆಲ್ಲ ಕರ್ರಗಾದವಳು. ಅದನ್ನು ಯಾರೂ ಕಂಡವರಿಲ್ಲ. ಅವಳ ಅಂಗೈಯಗಲದ ಕರಿಗೆ ನಮ್ಮತ್ತೆ ಸಂಜೆ ಹೊತ್ತು ಜಗಲಿಯಲ್ಲಿ ಕೂರಿಸಿಕೊಂಡು ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದರು. “ಎಂಥ ಬಣ್ಣ ಹಾಳು ಮಾಡ್ಕೊಂಡೆ ಮಗಳೇ,” ಎನ್ನುತ್ತಿದ್ದರು. ಎಣ್ಣೆ ಬಟ್ಟಲು ಹಿಡಿದು ಪಕ್ಕದಲ್ಲಿ ನಿಂತವಳು ನಾನು.

ಎದುರಿಗೆ ಅವಳಿಗೆ ‘ನೀವು’ ಎನ್ನುತ್ತಿದ್ದೆ, ಮನಸ್ಸಿನಲ್ಲಿ ‘ಅವಳು’. ಈಗ ಅವಳೂ ಇಲ್ಲ, ಹೆದರುವುದಕ್ಕೆ ಅತ್ತೆಯೂ ಇಲ್ಲ. ಮನಸ್ಸಿನಲ್ಲಿದ್ದ ಹಾಗೇ ಬರೆಯುತ್ತೇನೆ.

ನಮ್ಮ ಮನೆ ಮರಕ್ಕಡವಿನ ಹತ್ತಿರ, ಕಬಿನಿ ಹೊಳೆಯ ಈಚೆ ದಡದಲ್ಲಿ. ಈಚೆಯದು ಮಲಯಾಳ ಸೀಮೆ, ಆಚೆ ದಡ ಮೈಸೂರು ಸೀಮೆ. ನಾವು ಜೈನರು, ಯಾವ ಕಾಲದಲ್ಲೋ ಆ ಕಡೆಯಿಂದ ಹೊಳೆ ದಾಟಿ ಬಂದವರು. ಮನೆಯೊಳಗೆ ಕನ್ನಡ, ಪೇಟೆಗೆ ಹೋದರೆ ಮಲಯಾಳ. ಮನೆಯಲ್ಲಿ ಅಣ್ಣತಮ್ಮ ಇಬ್ಬರು. ದೊಡ್ಡವರು ಧರಣಪ್ಪ, ನನ್ನ ಭಾವ. ಒಳ್ಳೆಮೆಣಸಿನ ವ್ಯಾಪಾರವೆಂದು ವಾರದಲ್ಲಿ ಮೂರು ನಾಲ್ಕು ದಿನ ಬತ್ತೇರಿ ಪೇಟೆಯಲ್ಲೇ ಇರುತ್ತಿದ್ದರು. ಅವರ ಹೆಂಡತಿ ಕುಸುಮಕ್ಕ. ಚಿಕ್ಕವರು ನೇಮಿರಾಜ, ಗದ್ದೆ ದನ ನೋಡಿಕೊಳ್ಳುವವರು. ಅವರ ಹೆಂಡತಿ ನಾನು, ಪದ್ಮಾವತಿ. ಎಲ್ಲರ ಬಾಯಲ್ಲಿ ಪದ್ದು.

ಕುಸುಮಕ್ಕ ಮೈಸೂರಿನಲ್ಲಿ ಹುಟ್ಟಿ ಕಾಲೇಜು ಮೆಟ್ಟಿಲು ಹತ್ತಿದವಳು. ನಾನು ಎರಡನೇ ಕ್ಲಾಸು. ಮದುವೆಯಾಗಿ ಬರುವಾಗ ಬೇರೆ ಹೆಣ್ಣುಗಳು ಹಿತ್ತಾಳೆ ಹಂಡೆ ತಂದರೆ ಅವಳು ಹಿತ್ತಾಳೆ ಕೊಳವೆ ತಂದಳು. ಮೇಷ್ಟರಾಗಿದ್ದ ಅವಳಪ್ಪ ಕೊಟ್ಟುಹೋದ ದುರ್ಬೀನು. ಬಾಯಿ ತೆಂಗಿನ ಚಿಪ್ಪಿನಷ್ಟು ಅಗಲ, ಉದ್ದ ಒನಕೆಯಷ್ಟು. ನಾನು ಆ ಮನೆಗೆ ಕಾಲಿಟ್ಟ ವಾರದಲ್ಲೇ ಕೇಳಿದೆ, “ನನ್ನ ಒನಕೇಲಿ ನಾನು ಭತ್ತ ಕುಟ್ತೀನಿ ಅಕ್ಕ, ನಿಮ್ಮ ಒನಕೇಲಿ ನೀವೇನು ಕುಟ್ತೀರಿ?”

“ಬೆಳಕು ಕುಟ್ತೀನಿ ಪದ್ದು. ನುಚ್ಚು ಬರುತ್ತೆ,” ಅಂದಳು.

ಅತ್ತೆ ನಕ್ಕರು. ನಾನು ಕುಟುಕಿದ್ದಕ್ಕಲ್ಲ, ಅವಳು ಕೊಟ್ಟ ಉತ್ತರಕ್ಕೆ.

ನಮ್ಮಲ್ಲಿ ಸಂಜೆ ಸೂರ್ಯ ಮುಳುಗುವ ಮೊದಲು ಊಟ ಮುಗಿಯಬೇಕು. ಬೆಳಿಗ್ಗೆ ಸೂರ್ಯ ಹುಟ್ಟಿ ಎರಡು ಗಳಿಗೆ ಆಗುವವರೆಗೆ ಬಾಯಿಗೆ ಏನೂ ಹಾಕುವ ಹಾಗಿಲ್ಲ. ಒಲೆಗೆ ಅವಸರವಿಲ್ಲದ ಆ ಎರಡು ಗಳಿಗೆಯನ್ನು ಅವಳು ತನ್ನದು ಮಾಡಿಕೊಂಡಿದ್ದಳು. ಹೊಳೆದಡದಲ್ಲಿ ಒಂದು ಚಪ್ಪಟೆ ಬಂಡೆ, ನಾವು ಪಾರೆ ಎನ್ನುತ್ತೇವೆ. ಕೊಳವೆಯನ್ನೂ ಬಿದಿರಿನ ಮುಕ್ಕಾಲಿಯನ್ನೂ ಅಲ್ಲಿಗೇ ಹೊತ್ತುಕೊಂಡು ಹೋಗಬೇಕು. “ಅಂಗಳದಲ್ಲಿ ನೋಡಿದ್ರೆ ಸೂರ್ಯ ಕುದಿಯೋ ಗಂಜಿ ಹಾಗೆ ಇರ್ತಾನೆ. ನೀರಿನ ಹತ್ತಿರ ಗಾಳಿ ಸುಮ್ನಿರುತ್ತೆ,” ಎನ್ನುತ್ತಿದ್ದಳು. ಅತ್ತೆ ಬೇಡವೆನ್ನಲಿಲ್ಲ. ಸೂರ್ಯನನ್ನು ಕೇಳಿ ಉಣ್ಣುವ ಮನೆಯಲ್ಲಿ ಸೂರ್ಯನನ್ನು ನೋಡುವ ಸೊಸೆಗೆ ಯಾರು ಏನು ಹೇಳುತ್ತಾರೆ. ಕಲೆ ದೊಡ್ಡದು ಬಂದರೆ ಎರಡು ಗಳಿಗೆ ನಾಲ್ಕಾಗುತ್ತಿತ್ತು. ಆಗ ಒಲೆ ನನ್ನ ಪಾಲಿಗೆ.

ಕಲೆ ಎಂದರೆ ಸೂರ್ಯನ ಮುಖದ ಮೇಲಿನ ಕಪ್ಪು ಕಲೆ. ಆ ವರ್ಷಗಳಲ್ಲಿ ಅವು ಜಾಸ್ತಿ ಇದ್ದವಂತೆ. “ಈಗ ಕಲೆ ಕಾಲ ಪದ್ದು, ಇನ್ನು ಸ್ವಲ್ಪ ವರ್ಷ ಹೋದ್ರೆ ಹುಡುಕಿದ್ರೂ ಒಂದು ಸಿಗಲ್ಲ,” ಎಂದು ಆತುರಪಡುತ್ತಿದ್ದಳು. ನಮ್ಮ ಕೆಲಸಕ್ಕೆ ಬರುತ್ತಿದ್ದ ಬೊಮ್ಮಿ ಎಂಬ ಕುರುಮರ ಬುಡಕಟ್ಟಿನ ಮುದುಕಿ ಇದನ್ನು ಕೇಳಿ, “ಸೂರ್ಯನಿಗೂ ಅಮ್ಮ ಬತ್ತಾಳಾ? ಹಂಗಾದ್ರೆ ಬೇವಿನ ಸೊಪ್ಪು ಕಟ್ಟಿ,” ಎಂದಳು. ಬೊಮ್ಮಿಯ ಮುಖದ ತುಂಬ ಸಿಡುಬಿನ ಗುಳಿ. ಕುಸುಮಕ್ಕ ಅದಕ್ಕೂ ನಕ್ಕಳು. ಅವಳಿಗೆ ಯಾರ ಮೇಲೂ ಸಿಟ್ಟು ಬರುತ್ತಿರಲಿಲ್ಲ. ನನಗೆ ಅದೇ ಸಿಟ್ಟು.

ಅವಳ ಕೆಲಸದ ರೀತಿ ಹೀಗೆ. ಕೊಳವೆಯ ಬಾಯಿ ಸೂರ್ಯನ ಕಡೆ. ಹಿಂದಿನ ತುದಿಯಿಂದ ಬರುವ ಬೆಳಕಿಗೆ ಒಂದು ಮೊರ ಒಡ್ಡುವುದು. ಅಕ್ಕಿ ಕೇರುವ ಬಿದಿರಿನ ಮೊರವೇ. ಅದಕ್ಕೆ ಸಗಣಿಯ ಬದಲು ಸುಣ್ಣ ಸಾರಿಸಿ ಬೆಳ್ಳಗೆ ಮಾಡಿದ್ದಳು. ಸುತ್ತಲಿನ ಬೆಳಕು ಬರದ ಹಾಗೆ ಕೊಳವೆಯ ತುದಿಗೂ ಮೊರಕ್ಕೂ ಸೇರಿಸಿ ಕಂಬಳಿ ಹೊದಿಸಿ, ಪಕ್ಕದಿಂದ ಮುಖ ತೂರಿಸಿ ನೋಡಬೇಕು. ಮುಖ ಕತ್ತಲಲ್ಲಿ, ಕತ್ತು ಬಿಸಿಲಲ್ಲಿ. ಮೊರದ ಮೇಲೆ ಸೂರ್ಯ ಇಡಿಯಾಗಿ ಬೀಳುವುದಿಲ್ಲ, ಒಂದು ಕಲೆಯನ್ನಷ್ಟೇ ಹಿಗ್ಗಿಸಿ ಬೀಳಿಸುತ್ತಿದ್ದಳು. ನಡುವೆ ಕಪ್ಪು. ಕಪ್ಪಿನ ಸುತ್ತ ಕಣ್ಣ ರೆಪ್ಪೆಯ ಹಾಗೆ ಕಂದು ಎಳೆಗಳು. ಆ ಎಳೆಗಳಲ್ಲಿ ಅಲ್ಲೊಂದು ಇಲ್ಲೊಂದು ನುಚ್ಚಿನಂಥ ಬೆಳಕಿನ ಕಾಳು. ಅವಳಿಗೆ ಬೇಕಾಗಿದ್ದದ್ದು ಆ ಕಾಳು. ಅವು ನಡೆಯುತ್ತವೆ ಎನ್ನುತ್ತಿದ್ದಳು. ಒಂದು ಪಾತ್ರೆ ಅನ್ನ ಬೇಯುವ ಹೊತ್ತಿಗೆ ಸಾಸಿವೆಯಷ್ಟು ದೂರ. ಕಪ್ಪಿನ ಅಂಚನ್ನು ಇದ್ದಿಲಿನಿಂದ ಸುಣ್ಣದ ಮೇಲೆ ಗೀಚಿಕೊಳ್ಳುವುದು, ಕಾಳು ಇರುವಲ್ಲಿ ಚುಕ್ಕಿ ಇಡುವುದು, ಕಾಯುವುದು, ಮತ್ತೆ ಅಂಚಿಗೆ ಅಂಚು ಹೊಂದಿಸಿ ಕಾಳು ಎತ್ತ ಹೋಯಿತೆಂದು ನೋಡುವುದು. ಒಳಗಿನ ಕಪ್ಪಿಗೆ ಹೋಯಿತೋ, ಹೊರಗಿನ ಬೆಳಕಿಗೆ ಹೋಯಿತೋ. ಅವಳ ಜನ್ಮಕ್ಕೆ ಬೇಕಾಗಿದ್ದದ್ದು ಇಷ್ಟು.

ಸುಣ್ಣದಲ್ಲೂ ಗಂಟು ಗರಣೆ ಇರುತ್ತದಲ್ಲ, ಅದು ಯಾವುದು, ಸೂರ್ಯನ ಕಾಳು ಯಾವುದು ಎಂದು ಗೊತ್ತಾಗುವುದಕ್ಕೆ ಮೊರವನ್ನು ಮೆಲ್ಲಗೆ ಅಲುಗಿಸುತ್ತಿದ್ದಳು. “ಅಲುಗಿಸಿ ನೋಡು. ಮೊರದ ಕಲೆ ಮೊರದ ಜೊತೆ ಹೋಗುತ್ತೆ. ಸೂರ್ಯನ ಕಲೆ ನಿಂತಲ್ಲೇ ನಿಲ್ಲುತ್ತೆ.” ಈ ಮಾತನ್ನು ಅವಳು ಎಲ್ಲದಕ್ಕೂ ಹಚ್ಚುತ್ತಿದ್ದಳು. ಅತ್ತೆ ಯಾರದೋ ಮನೆಯ ಸುದ್ದಿ ತಂದು, ಆ ಸೊಸೆ ಹೀಗಂತೆ ಹಾಗಂತೆ ಎಂದರೆ, “ಸ್ವಲ್ಪ ಅಲುಗಿಸಿ ನೋಡಿ ಅತ್ತೆ. ಅವಳ ಕಲೆಯೋ, ಹೇಳಿದವಳ ಕಲೆಯೋ,” ಎನ್ನುವಳು. ಅತ್ತೆ ಬಾಯಿ ಮುಚ್ಚುವರು. ನಾನು ಅದೇ ಮಾತು ಹೇಳಿದ್ದರೆ ಏನಾಗುತ್ತಿತ್ತು ಎಂದು ನನಗೆ ಗೊತ್ತು.

ಸೂರ್ಯ ಸರಿಯುತ್ತಲೇ ಇರುತ್ತಾನೆ, ಕೊಳವೆಯನ್ನು ಅವನ ಹಿಂದೆ ತಳ್ಳುತ್ತಲೇ ಇರಬೇಕು. ಅದಕ್ಕೆ ಇನ್ನೊಂದು ಕೈ ಬೇಕು. ಕೈಗಿಂತ ಹೆಚ್ಚಾಗಿ ಇನ್ನೊಂದು ಕಣ್ಣು ಬೇಕು ಎನ್ನುತ್ತಿದ್ದಳು. “ಬೇಕು ಬೇಕು ಅಂತ ನೋಡಿದ ಕಣ್ಣಿಗೆ ಬೇಕಾದ್ದೇ ಕಾಣುತ್ತೆ. ನಾನೊಬ್ಬಳೇ ಕಂಡರೆ ಕಂಡ ಹಾಗಲ್ಲ.” ಭಾವ ಊರಲ್ಲಿರುವುದಿಲ್ಲ. ಆ ಕಣ್ಣು ನನ್ನ ಗಂಡನದಾಯಿತು.

ಮೊದಲು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ಬೆಳಿಗ್ಗೆ ಬೊಮ್ಮಿ ಕೊಟ್ಟಿಗೆಗೆ ಬಂದು, ಸಗಣಿ ಎತ್ತುತ್ತಿದ್ದ ನನ್ನ ಹತ್ತಿರ ಕೂತು, “ಅವ್ವ, ನಿನ್ನ ಗಂಡನೂ ದೊಡ್ಡವ್ವನೂ ಪಾರೆ ಮ್ಯಾಲೆ ಒಂದೇ ಕಂಬಳಿಯೊಳಗೆ ತಲೆ ಇಕ್ಕೊಂಡವ್ರೆ. ನಾಕು ಕಾಲು ಹೊರಗೆ ಕಾಣ್ತವೆ,” ಎಂದಳು.

“ಸೂರ್ಯನ್ನ ನೋಡ್ತಾರೆ,” ಅಂದೆ.

“ಸೂರ್ಯ ಮೇಲವ್ನೆ. ಕಂಬಳಿಯೊಳಗೆ ಯಾವ ಸೂರ್ಯ?”

ಆ ದಿನದಿಂದ ನನ್ನ ಹೊಟ್ಟೆಯೊಳಗೆ ಒಂದು ಕಾಳು ನಡೆಯತೊಡಗಿತು. ಅದು ಹೊರಕ್ಕೆ ಹೋಗುವ ಜಾತಿಯಲ್ಲ. ಇವರು, ನನ್ನ ಗಂಡ, ಮನೆಗೆ ಬಂದರೆ ಬೆರಳಲ್ಲಿ ಸುಣ್ಣ. ಉಣ್ಣುವಾಗ ಉಗುರ ಸಂದಿಯಲ್ಲಿ ಸುಣ್ಣ. ಒಂದು ದಿನ ಕುಸುಮಕ್ಕನ ರವಿಕೆಯ ಬೆನ್ನ ಮೇಲೆ, ಹೆಗಲ ಹತ್ತಿರ, ಸುಣ್ಣದ ಬೆರಳ ಗುರುತು. ಬಚ್ಚಲಲ್ಲಿ ಬಟ್ಟೆ ಒಗೆಯಲು ಹಾಕಿದ್ದಳು, ಮುಚ್ಚಿಡಲೂ ಇಲ್ಲ. ಸಂಜೆ ಹಾಲು ಕರೆಯುವಾಗ ಇವರನ್ನು ಕೇಳಿದೆ.

“ಅಕ್ಕನ ರವಿಕೆಗೆ ಸುಣ್ಣ ಹೆಂಗೆ ಬಂತು?”

“ಮೊರ ತಾಗಿರ್ಬೇಕು.”

“ಮೊರಕ್ಕೆ ಬೆರಳುಂಟಾ?”

ಇವರು ಹಸುವಿನ ಹೊಟ್ಟೆಗೆ ಹಣೆ ಇಟ್ಟುಕೊಂಡು ಕರೆಯುತ್ತಲೇ ಇದ್ದರು. ಮಾರನೆಯ ಬೆಳಿಗ್ಗೆ ಅವರ ಹಿಂದೆಯೇ ಹೋದೆ.

ಬೊಮ್ಮಿ ಹೇಳಿದ್ದು ನಿಜ. ಪಾರೆಯ ಮೇಲೆ ಕಂಬಳಿ, ಅದರೊಳಗೆ ಎರಡು ತಲೆ. ನಾನು ಹಿಂದೆ ನಿಂತು ಕಿವಿ ಕೊಟ್ಟೆ.

“ಕಾಣ್ತಾ ನೇಮಿ?”

“ಕಾಣ್ತು ಅತ್ತಿಗೆ.”

“ಎತ್ತ ಹೋಯ್ತು?”

“ಒಳಕ್ಕೆ.”

“ಎಷ್ಟು?”

“ನೀವು ಹೇಳಿದಷ್ಟೇ.”

ಕಂಬಳಿ ಎತ್ತಿದೆ. ಇವರು ಕೆಚ್ಚಲಿಂದ ಬಿಡಿಸಿದ ಕರುವಿನ ಹಾಗೆ ನೋಡಿದರು. ಅವಳು ತಲೆ ಕೂಡ ತಿರುಗಿಸಲಿಲ್ಲ. “ಬೆಳಕು ಬರುತ್ತೆ ಪದ್ದು. ಒಳಗೆ ಬಾ, ಇಲ್ಲ ಹೊರಗಿರು.”

ಒಳಗೆ ಹೋದೆ. ಇವರನ್ನು ಪಕ್ಕಕ್ಕೆ ತಳ್ಳಿ ನಡುವೆ ತಲೆ ಇಟ್ಟೆ. ಕಂಬಳಿಯ ವಾಸನೆ, ಸುಣ್ಣದ ವಾಸನೆ, ಅವಳ ಕೊಬ್ಬರಿ ಎಣ್ಣೆಯ ವಾಸನೆ. ನೇರವಾಗಿ ಕೇಳಿದೆ, “ಅಕ್ಕ, ನಿಮ್ಮ ರವಿಕೆ ಬೆನ್ನಿಗೆ ಸುಣ್ಣ ಹೆಂಗೆ ಬಂತು?”

“ಕಣಜದ ಹುಳ ಕೂತಿತ್ತು. ಇವನು ಹೊಡೆದ. ಮೊರ ಅಲುಗಿ ಚುಕ್ಕಿ ಎಲ್ಲ ಹಾಳಾಯ್ತು ಅಂತ ಬೈದೆ. ಈಗ ಸುಮ್ನಿರು.”

ಸುಳ್ಳು ಹೇಳುವವಳಿಗೆ ಅಷ್ಟು ಬೇಸರ ಇರುವುದಿಲ್ಲ. ನನ್ನ ಗಂಡನನ್ನು ಕಸಿದುಕೊಳ್ಳುವ ಹೆಂಗಸಾಗಿದ್ದರೆ ಜುಟ್ಟು ಹಿಡಿದು ಜಗಳ ಆಡಬಹುದಿತ್ತು. ಇವಳು ಅವರನ್ನು ಮುಕ್ಕಾಲಿಯ ನಾಲ್ಕನೇ ಕಾಲು ಮಾಡಿಕೊಂಡಿದ್ದಳು. ನನಗೆ ಇನ್ನೂ ಉರಿಯಿತು. ನಾನು ಕಾಯುವ ಗಂಡಸನ್ನು ಇವಳು ಕಣ್ಣೆತ್ತಿ ಸಹ ನೋಡುವುದಿಲ್ಲವೇ ಎಂದು.

ಆಗಲೇ ಅವಳು ಕಪ್ಪಿನ ಅಂಚಿನಲ್ಲಿ ಬೆರಳು ತೋರಿಸಿದಳು. “ಈ ಬಿಳೀ ಕಾಳು ನೋಡು ನೇಮಿ. ಮೊದಲು ಎಲ್ಲಿತ್ತು, ಈಗ ಎಲ್ಲಿದೆ?”

“ಒಳಕ್ಕೆ ಬಂದಿದೆ ಅತ್ತಿಗೆ. ಚೆನ್ನಾಗಿ ಕಾಣ್ತಿದೆ.”

“ಪದ್ದು, ನಿಂಗೆ?”

“ನಂಗೆ ಅದು ಅಕ್ಕಿನುಚ್ಚಿನ ಹಾಗೆ ಕಾಣ್ತಿದೆ,” ಅಂದೆ.

ಅವಳು ಮೊರ ಅಲುಗಿಸಿದಳು. ಕಪ್ಪು ನಿಂತಲ್ಲೇ ನಿಂತಿತು. ಕಾಳು ಮೊರದ ಜೊತೆ ಆಚೆ ಹೋಯಿತು, ಈಚೆ ಬಂತು. ಅವಳೇ ಗಂಜಿಯಲ್ಲಿ ಅದ್ದಿ ಅಂಟಿಸಿದ ನುಚ್ಚು. ಇವರಿಗೆ ನಿಜವಾಗಿ ಕಾಣುತ್ತದೋ ಇಲ್ಲವೋ ಎಂದು ಎಷ್ಟೋ ದಿನದಿಂದ ಅನುಮಾನ ಇತ್ತಂತೆ, ಆವತ್ತು ಪರೀಕ್ಷೆಗೆಂದು ಅಂಟಿಸಿದ್ದಳು.

“ನೇಮಿ, ನೀನು ನೋಡಿದ್ದು ನಮ್ಮನೆ ನುಚ್ಚನ್ನ,” ಅಂದಳು. ಬೈಯಲಿಲ್ಲ. ಮುಖ ಮಾತ್ರ ಸೋತುಹೋಯಿತು. ಅನುಮಾನವಿದ್ದರೂ ಆ ‘ಕಾಣ್ತು ಅತ್ತಿಗೆ’ಗಳನ್ನೆಲ್ಲ ನಂಬಿಕೊಂಡು ಕೂತಿದ್ದಳು, ಎಲ್ಲ ಹೊಳೆಗೆ ಹೋಯಿತು. ಆಮೇಲೆ ನನ್ನ ಕಡೆ ತಿರುಗಿ, “ಸೂರ್ಯನ ಕಾಳು ನಿಂಗೆ ಕಾಣುತ್ತಾ?” ಎಂದು ಕೇಳಿದಳು.

“ನಂಗೇನೂ ಕಾಣಲ್ಲ.”

“ಹಾಗಾದ್ರೆ ನಾಳೆಯಿಂದ ನೀನೇ ಬಾ.”

ದಾರಿಯಲ್ಲಿ ಇವರನ್ನು ಕೇಳಿದೆ, ಕಾಣದ್ದನ್ನು ಕಂಡೆ ಎಂದು ಯಾಕೆ ಹೇಳಿದಿರಿ ಎಂದು.

“ಪಾಪ, ಅಷ್ಟು ಆಸೆಯಿಂದ ಕೇಳ್ತಾರೆ. ಇಲ್ಲ ಅನ್ನೋದು ಹೆಂಗೆ?”

“ನಂಗೆ ಎಷ್ಟು ಸಲ ಇಲ್ಲ ಅಂದಿದೀರಿ?”

ಈಗಲೂ ಆ ಪ್ರಶ್ನೆ ಹಾಗೇ ಇದೆ, ಉತ್ತರ ಕೊಡಬೇಕಾದವರು ಹೋದರು.

ಮಾರನೆಯ ದಿನದಿಂದ ನಾನೇ ಹೋದೆ. ಒಲೆ ಅತ್ತೆಯ ಪಾಲಿಗೆ ಬಂತು, ಬೆಳಗಿನ ಹಾಲು ಇವರ ಪಾಲಿಗೆ. ಎಷ್ಟೋ ದಿನ ಹೋಗಿ ಕೂತರೂ ನಾನು ಹೇಳಿದ್ದು ಒಂದೇ, ಕಾಣಲ್ಲ. ಅವಳು ಪ್ರತಿ ಸಲ “ಒಳ್ಳೇದು” ಎನ್ನುತ್ತಿದ್ದಳು. ಕಾಣಲ್ಲ ಎಂದರೆ ಸಂತೋಷಪಡುವ ಇನ್ನೊಬ್ಬರನ್ನು ನಾನು ನೋಡಿಲ್ಲ. ಕಾಯುವಾಗ ಕತೆ ಹೇಳುತ್ತಿದ್ದಳು. ಒಂದು ದಿನ, “ಕಪ್ಪು ಅಂದ್ರೆ ಕಪ್ಪಲ್ಲ ಪದ್ದು. ಸುತ್ತ ಬೆಳಕು ಜಾಸ್ತಿ, ಅದಕ್ಕೆ ಇದು ಕಪ್ಪಾಗಿ ಕಾಣುತ್ತೆ. ಈ ಕಲೆಯನ್ನ ಮಾತ್ರ ಕಿತ್ತು ಆಕಾಶದಲ್ಲಿ ಇಟ್ಟರೆ ಹುಣ್ಣಿಮೆ ಚಂದ್ರನಿಗಿಂತ ಬೆಳಗುತ್ತೆ,” ಎಂದಳು.

ನನ್ನ ವಿಷಯ ಹೇಳುತ್ತಿದ್ದಾಳೆ ಅನ್ನಿಸಿತು. ಬೇರೆ ಯಾವ ಮನೆಗೆ ಸೊಸೆಯಾಗಿ ಹೋಗಿದ್ದರೂ ನಾನು ಬೆಳಗುತ್ತಿದ್ದೆ. ಅವಳ ಪಕ್ಕ ತಂದು ಇಟ್ಟರು. ಇದನ್ನು ಅವಳಿಗೆ ಹೇಳಿಯೂ ಬಿಟ್ಟೆ. ಅವಳು ಮೊರದಿಂದ ಕಣ್ಣು ತೆಗೆಯದೆ, “ಕೊಳವೆ ತಳ್ಳು, ಸೂರ್ಯ ಸರಿದ,” ಎಂದಳು.

ಆಮೇಲೆ ಒಂದು ಬೆಳಿಗ್ಗೆ ಕಂಡಿತು. ಮಂಜು ಹರಿದು ಗಾಳಿ ಸತ್ತಹಾಗಿದ್ದ ದಿನ. ಒಂದು ಎಳೆಯ ತುದಿಯಲ್ಲಿದ್ದ ಕಾಳು ಇದ್ದಿಲಿನ ಚುಕ್ಕಿ ಬಿಟ್ಟು ಕಪ್ಪಿನ ಕಡೆ ಸರಿದಿತ್ತು. ಮತ್ತೆ ಹೊಂದಿಸಿದಾಗ ಕಪ್ಪಿನೊಳಗೇ ಇತ್ತು, ಕತ್ತಲ ಮನೆಯೊಳಗೆ ಹೊಕ್ಕ ಮಿಣುಕುಹುಳದಂತೆ. ಇನ್ನೊಮ್ಮೆ ನೋಡಿದರೆ ಇಲ್ಲ. ಮೊರ ಅಲುಗಿಸಿದೆ. ಸುಣ್ಣದ ಗಂಟೆಲ್ಲ ಅಲುಗಿದವು. ಕಲೆಯೊಳಗಿನದು ಒಂದೂ ಅಲುಗಲಿಲ್ಲ.

“ಒಳಕ್ಕೆ ಹೋಗಿ ಆರಿಹೋಯ್ತು,” ಅಂದೆ.

ಅವಳು ನನ್ನ ಕೈ ಹಿಡಿದುಕೊಂಡಳು. ಸುಣ್ಣದ ಕೈ. ಯಾರೂ ನನ್ನ ಕೈಯನ್ನು ಹಾಗೆ ಹಿಡಿದಿರಲಿಲ್ಲ. ಆ ದಿನ ಮನೆಗೆ ಬಂದಾಗ ಇವರು ಕೊಟ್ಟಿಗೆಯ ಬಾಗಿಲಲ್ಲಿ ನಿಂತು, “ನಿನ್ನ ಸೆರಗಿಗೆ ಸುಣ್ಣ ಹೆಂಗೆ ಬಂತು?” ಎಂದು ಕೇಳಿದರು.

“ಮೊರ ತಾಗಿರ್ಬೇಕು,” ಅಂದೆ.

ಅಲ್ಲಿಂದ ನನ್ನ ಹೊಟ್ಟೆಕಿಚ್ಚು ದಿಕ್ಕು ಬದಲಿಸಿತು. ಕಂಬಳಿಯೊಳಗೆ ಮೂರನೆಯ ತಲೆಯನ್ನು ನಾನು ಸಹಿಸುತ್ತಿರಲಿಲ್ಲ. ಅತ್ತೆ ನಾನೂ ನೋಡ್ತೀನಿ ಎಂದರೆ ಸುಣ್ಣದ ಘಾಟಿಗೆ ನಿಮ್ಮ ಕಣ್ಣು ನೀರೂರುತ್ತೆ ಎಂದೆ. ಒಂದು ಸಲ ಪೋಲೀಸರು ಬಂದರು. ಆಗ ಎಲ್ಲೆಲ್ಲೂ ಪೋಲೀಸು. ಪುಲ್ಪಳ್ಳಿಯ ಕಡೆ ನಕ್ಸಲರು ಎದ್ದು ಕಾಡು ಸೇರಿದ ಮೇಲೆ ಲಾರಿಗಟ್ಟಲೆ ಬಂದಿದ್ದರು. ಪಾರೆ ಮೇಲೆ ಕಂಬಳಿ ಕಂಡು ಒಬ್ಬ ಹೆಡ್ ಕಾನ್‌ಸ್ಟೇಬಲ್ ಇಳಿದು ಬಂದು “ಇತೆಂದಾ?” ಎಂದ, ಇದೇನು ಎಂದು. ಕುಸುಮಕ್ಕ ಸಂಭ್ರಮದಿಂದ ಅವನ ಟೊಪ್ಪಿ ತೆಗೆಸಿ ತಲೆ ಒಳಗೆ ಹಾಕಿಸಿಕೊಂಡಳು, ನನ್ನ ಜಾಗದಲ್ಲಿ. ನಾನು ಅವನ ಟೊಪ್ಪಿ ಹಿಡಿದು ಹೊರಗೆ ನಿಂತೆ.

“ಕಾಳು ಕಂಡಿತಾ?” ಎಂದು ಅವನನ್ನು ಮಲಯಾಳದಲ್ಲಿ ಕೇಳಿದಳು.

“ಉಂಟು, ಉಂಟು.”

“ಎತ್ತ ಹೋಯಿತು?”

ಅವನು ಕಂಬಳಿಯೊಳಗಿನಿಂದಲೇ, “ಕಾಟಿಲೇಕ್ಕ್,” ಎಂದ. ಕಾಡಿಗೆ ಎಂದು. ತಿಂಗಳುಗಟ್ಟಲೆ ಅವನು ಹುಡುಕುತ್ತಿದ್ದವರೆಲ್ಲ ಕಾಡಿಗೇ ಹೋದವರು, ಅವನ ಕಣ್ಣಿಗೆ ಇನ್ನೇನು ಕಂಡೀತು. ಅವಳು ನಕ್ಕು ನಕ್ಕು ಕೆಮ್ಮಿದಳು. ನಾನು ನಗಲಿಲ್ಲ. ಟೊಪ್ಪಿ ಕೊಟ್ಟು ಕಳಿಸಿ ನನ್ನ ಜಾಗದಲ್ಲಿ ಕೂತೆ.

ಅಷ್ಟರಲ್ಲಿ ಅವಳಿಗೆ ಅರ್ಧ ಉತ್ತರ ಸಿಕ್ಕಿತ್ತು. ಕಪ್ಪಿಗೆ ಹತ್ತಿರದ ಕಾಳು ಒಳಕ್ಕೆ ಹೋಗುತ್ತವೆ. ಅದು ಅವಳಿಗೂ ಕಂಡಿತ್ತು, ನನಗೂ ಕಂಡಿತ್ತು. ಇನ್ನರ್ಧ ಉಳಿದಿತ್ತು. ಎಳೆಗಳ ಹೊರತುದಿಯ ಹತ್ತಿರ ಇರುವ ಕಾಳು ಹಿಂದಕ್ಕೆ, ಹೊರಕ್ಕೆ ಹೋಗುತ್ತವೆ ಎಂದು ಅವಳಿಗೆ ಅನುಮಾನ. “ಒಂದೇ ಎಳೆ ಮೇಲೆ ಕೂತವು, ಒಂದು ಒಳಕ್ಕೆ ಒಂದು ಹೊರಕ್ಕೆ ಯಾಕೆ ಹೋಗ್ಬೇಕು ಪದ್ದು? ನಡುವೆ ಗೆರೆ ಯಾರು ಎಳೆದರು?” ಆದರೆ ಹೊರಗಿನವು ಸಣ್ಣವು, ಬೇಗ ಸಾಯುತ್ತವೆ. ನನಗೆ ಕಾಣುತ್ತಿರಲಿಲ್ಲ. ನಾನು ಕಾಣುವವರೆಗೆ ಅವಳು ಅದನ್ನು ಹೌದು ಎನ್ನುವವಳಲ್ಲ.

ಭೂಮಿಯ ಮೇಲೂ ಗೆರೆ ಎಳೆಯುವ ಕಾಲ ಅದು. ಇಂತಿಷ್ಟಕ್ಕಿಂತ ಹೆಚ್ಚು ಜಮೀನು ಇಟ್ಟುಕೊಳ್ಳುವ ಹಾಗಿಲ್ಲ ಎಂದು ಕಾನೂನು ಬಂತು. ನಮ್ಮ ಮೆಣಸಿನ ಬಳ್ಳಿಯ ಆಚೆಯ ಇಳಿಜಾರಿನಲ್ಲಿ ಗುಡಿಸಲು ಎದ್ದವು. ಅದರಲ್ಲಿ ಒಂದು ಬೊಮ್ಮಿಯದು. ಅವಳು ಕೆಲಸಕ್ಕೆ ಬರುವುದು ಬಿಡಲಿಲ್ಲ. ನಾನು, “ಏನೇ, ನಮ್ಮ ಜಾಗದಲ್ಲೇ ಮನೆ ಕಟ್ಟಿ ನಮ್ಮನೆಗೇ ಬರ್ತೀಯ,” ಎಂದರೆ, “ಹತ್ರ ಆಯ್ತಲ್ಲ ಅವ್ವ, ನಡೆಯೋದು ತಪ್ತು,” ಎಂದಳು. ಇನ್ನೊಂದು ಊರಿನಲ್ಲಿ ದೊಡ್ಡ ಮನೆಗೆ ನುಗ್ಗಿ ಪತ್ತಾಯದ ಪೆಟ್ಟಿಗೆಯಲ್ಲಿ ತುಂಬಿಟ್ಟ ಭತ್ತ ಹಂಚಿದರು ಎಂದು ಸುದ್ದಿ ಬಂತು. ನಮ್ಮದು ಅಂಥ ದೊಡ್ಡ ಮನೆಯಲ್ಲ, ಆದರೂ ಭಾವ ಹೆದರಿದರು. ಅಣ್ಣತಮ್ಮ ಪಾಲಾದರು. ಗದ್ದೆ ಇಟ್ಟುಕೊಂಡು ಇಲ್ಲೇ ಇರುತ್ತೇನೆ ಎಂದರು ಇವರು. ಭಾವ ತಮ್ಮ ಪಾಲು ಬಿಟ್ಟು ಮೈಸೂರಿಗೆ ಹೋಗುವುದೆಂದು ತೀರ್ಮಾನಿಸಿದರು.

ಒಂದು ಕಾಲದಲ್ಲಿ ಅವಳು ಹೋದರೆ ಸಾಕು ಎಂದು ಬಸದಿಯಲ್ಲಿ ಕೈ ಮುಗಿದಿದ್ದೆ. ಆ ಸುದ್ದಿ ಕೇಳಿದ ದಿನ ನಾನು ಒಲೆಯ ಮುಂದೆ ಕೂತು ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಹೋಗುವ ವಾರದಲ್ಲಿ ಸೂರ್ಯನಿಗೆ ಒಂದು ದೊಡ್ಡ ಕಲೆ ಬಂದಿತ್ತು. ಅವಳು ಅಷ್ಟು ದೊಡ್ಡದನ್ನು ಕಂಡಿರಲಿಲ್ಲವಂತೆ. ಪಾತ್ರೆ ಪಗಡೆ ಕಟ್ಟುವುದು ಬಿಟ್ಟು ಪಾರೆಗೆ ಓಡುತ್ತಿದ್ದಳು. ಹೊರಡುವ ದಿನ ಬೆಳಿಗ್ಗೆಯೂ ಹೋದೆವು. ಸಾಮಾನೆಲ್ಲ ಹೊಳೆ ದಾಟುವ ಕಡವಿನಲ್ಲಿ ದೋಣಿಗೆ ಏರುತ್ತಿತ್ತು. ಆಚೆ ದಡದಲ್ಲಿ ಎತ್ತಿನ ಗಾಡಿ ಕಾಯುತ್ತಿತ್ತು. ಭಾವ ದೋಣಿಯಿಂದ “ಕುಸುಮಾ,” ಎಂದು ಕೂಗಿದರು. ಇವಳು ಕಂಬಳಿಯಿಂದ ತಲೆ ತೆಗೆಯಲಿಲ್ಲ. ಒಂದು ಹೊರಗಿನ ಕಾಳಿಗೆ ಚುಕ್ಕಿ ಇಟ್ಟು ಆಗಿತ್ತು. ಅದು ಸಾಯದೆ ಉಳಿದಿತ್ತು. ಕಾಯುತ್ತಿದ್ದೆವು.

ಮತ್ತೆ ಕೂಗಿದರು. ಅತ್ತೆ ದಡದಲ್ಲಿ ಅಳುತ್ತಿದ್ದರು. ಇವರು ಕೊಳವೆಯ ಪೆಟ್ಟಿಗೆ ತೆರೆದುಕೊಂಡು ನಿಂತಿದ್ದರು.

ಅವಳು ಅಂಚಿಗೆ ಅಂಚು ಹೊಂದಿಸಿದಳು. “ನಾನು ಹೇಳಲ್ಲ. ನೀನು ಹೇಳು. ಎತ್ತ ಹೋಯ್ತು?”

ನೋಡಿದೆ. ಅಲುಗಿಸಿ ನೋಡಿದೆ. ಕಾಳು ಇದ್ದಿಲಿನ ಚುಕ್ಕಿಯ ಹೊರಬದಿಗೆ ಹೋಗಿತ್ತು.

“ಹೊರಕ್ಕೆ,” ಅಂದೆ.

“ಖಾತ್ರಿನಾ? ನಂಗೋಸ್ಕರ ಹೇಳ್ತಿಲ್ಲ ತಾನೇ?”

“ನಾನೇನು ನಿಮ್ಮ ಮೈದುನನಾ?”

ಅವಳು ನಕ್ಕಳು. ಕಂಬಳಿ ಸರಿಸಿ ಎದ್ದಳು. ಆ ನಗು ದೋಣಿಯವರೆಗೂ ಅವಳ ಮುಖದಲ್ಲಿ ಇತ್ತು. ಊರು ಬಿಟ್ಟು ಹೋಗುವವಳ ಮುಖ ಅದಲ್ಲ. ಅತ್ತೆಯ ಕಾಲು ಮುಟ್ಟಿದಳು, ಕೊಳವೆಯನ್ನು ತಾನೇ ಪೆಟ್ಟಿಗೆಯಲ್ಲಿ ಮಲಗಿಸಿ ಕಂಬಳಿ ಸುತ್ತಿದಳು. ಮೊರ ನನ್ನ ಕೈಯಲ್ಲಿತ್ತು. ಕೊಡಲು ಹೋದೆ.

“ನೀನಿಟ್ಕೋ ಪದ್ದು. ಮೊರ ಅಲ್ಲೂ ಸಿಗುತ್ತೆ.”

“ಅಲ್ಲಿ ನಿಮ್ಮ ಜೊತೆ ಯಾರು ನೋಡ್ತಾರೆ?”

ಈ ಪ್ರಶ್ನೆಯನ್ನು ನಾನು ವಾರದಿಂದ ಬಾಯಲ್ಲಿ ಇಟ್ಟುಕೊಂಡಿದ್ದೆ. ಯಾರೂ ಇಲ್ಲ ಪದ್ದು ಎನ್ನಬಹುದಿತ್ತು. ನಿನ್ನ ಹಾಗೆ ಇಲ್ಲ ಅನ್ನುವವರು ಎಲ್ಲಿ ಸಿಗುತ್ತಾರೆ ಎನ್ನಬಹುದಿತ್ತು. ಅವಳು ಪೆಟ್ಟಿಗೆಯ ಹಗ್ಗ ಬಿಗಿಯುತ್ತಾ, “ಯಾರಾದ್ರೂ ಸಿಗ್ತಾರೆ,” ಎಂದಳು.

ಯಾರಾದ್ರೂ. ಅದನ್ನು ಅವಳು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ ಎಂದು ನನಗೆ ಗೊತ್ತು. ಅವಳಿಗೆ ಕೆಟ್ಟ ಮನಸ್ಸು ಇರಲಿಲ್ಲ, ಆ ಜಾಗದಲ್ಲೂ ಸೂರ್ಯನೇ ಇದ್ದ. ಆದರೂ ಆ ‘ಯಾರಾದ್ರೂ’ ಎಂಬ ಹೆಂಗಸೋ ಗಂಡಸೋ ಮೈಸೂರಿನಲ್ಲಿ ಅವಳ ಪಕ್ಕ ಕಂಬಳಿಯೊಳಗೆ ತಲೆ ಇಟ್ಟಿದ್ದನ್ನು ನಾನು ಇಷ್ಟು ವರ್ಷ ನೆನೆಸಿಕೊಂಡಿದ್ದೇನೆ. ಮುಖ ಕಾಣದವರ ಮೇಲಿನ ಹೊಟ್ಟೆಕಿಚ್ಚು ಹಳತಾಗುವುದಿಲ್ಲ. ಅವಳು ಮೈಸೂರಿನಲ್ಲಿ ತೀರಿಕೊಂಡ ಸುದ್ದಿ ಬಂದಾಗ ನಾನು ಕೇಳಿದ್ದು ಒಂದೇ, ಆ ಕೊಳವೆ ಯಾರ ಕೈಗೆ ಹೋಯಿತು ಎಂದು. ಸುದ್ದಿ ತಂದವರಿಗೆ ಗೊತ್ತಿರಲಿಲ್ಲ. ಯಾರಾದ್ರೂ ತೆಗೆದುಕೊಂಡಿರಬೇಕು.

ದೋಣಿ ಆಚೆ ದಡ ಮುಟ್ಟುವವರೆಗೆ ಅತ್ತೆ ನಿಂತಿದ್ದರು. ಅವಳು ದೋಣಿಯಲ್ಲಿ ನಮಗೆ ಬೆನ್ನು ಹಾಕಿ ಕೂತಿದ್ದಳು, ಪೆಟ್ಟಿಗೆ ತೊಡೆಯ ಮೇಲೆ. ಹೊಳೆಯ ನಡುವೆ ಹೋದ ಮೇಲೂ ಆ ಕರೀ ಕತ್ತು ಕಾಣುತ್ತಿತ್ತು. ಅದೇ ಕೊನೆ.

ಮಾರನೆಯ ಬೆಳಿಗ್ಗೆ ಸೂರ್ಯ ಹುಟ್ಟಿದಾಗ ನಾನು ಮನೆಯಲ್ಲೇ ಇದ್ದೆ. ತೆಂಗಿನ ಚಿಪ್ಪು ತೆಗೆದುಕೊಂಡು ಮೊರದ ಸುಣ್ಣ ಕೆರೆದೆ. ಇದ್ದಿಲಿನ ಗೆರೆ, ಆ ಹೊರಗಿನ ಕಾಳಿನ ಚುಕ್ಕಿ, ಎಲ್ಲ ಪುಡಿಯಾಗಿ ಬಿತ್ತು. ನೀರು ಹಾಕಿ ತಿಕ್ಕಿ, ಒರೆಸಿ, ಅಂಗಳದಲ್ಲಿ ಬಿಸಿಲಿಗೆ ಬೆನ್ನು ಹಾಕಿ ಕೂತು ಹಿಂದಿನ ದಿನ ಕುಟ್ಟಿದ ಅಕ್ಕಿ ಹಾಕಿಕೊಂಡು ಕೇರಿದೆ. ಕಾಳು ಮೊರದ ಒಳಬದಿಗೆ ಜಾರಿ ನನ್ನ ಕಡೆ ಬರುತ್ತಿತ್ತು. ಹೊಟ್ಟು ಹೊರಬದಿಗೆ ಓಡಿ ಅಂಚು ದಾಟಿ ಬೀಳುತ್ತಿತ್ತು. ನಡುವೆ ಒಂದು ಗೆರೆ. ಅಲ್ಲಿಂದ ಈಚಿನದು ಈಚೆಗೆ, ಆಚಿನದು ಆಚೆಗೆ. ಹುಟ್ಟಿದಾಗಿನಿಂದ ಕೇರಿದವಳು, ಆವತ್ತು ಕಂಡೆ. ಕೈ ನಿಲ್ಲಿಸಿದೆ. ಮತ್ತೆ ಕೇರಿದೆ.

ಇವರು ಹಾಲಿನ ಚೆಂಬು ಹಿಡಿದು ಬಂದು ನಿಂತರು. “ಏನು ಅಷ್ಟೊಂದು ನೋಡ್ತಿದೀಯ?”

“ಒಳಗಿನದು ಒಳಕ್ಕೆ ಬರ್ತಿದೆ, ಹೊರಗಿನದು ಹೊರಕ್ಕೆ ಹೋಗ್ತಿದೆ. ನೋಡಿ.”

ಬಗ್ಗಿ ಸ್ವಲ್ಪ ಹೊತ್ತು ನೋಡಿದರು. “ನಂಗೇನೂ ಕಾಣಲ್ಲ,” ಅಂದರು.

ಎರಡು ಗಳಿಗೆ ಆಗಿತ್ತು. ಎದ್ದು ಅಕ್ಕಿ ತೊಳೆದೆ. ನೀರು ಯಾವತ್ತಿಗಿಂತ ಬೆಳ್ಳಗೆ ಬಂತು, ಮೊರದ ಸುಣ್ಣ ಇನ್ನೂ ಬಿಟ್ಟಿರಲಿಲ್ಲ. ಇನ್ನೊಮ್ಮೆ ತೊಳೆದು ಒಲೆಯ ಮೇಲೆ ಇಟ್ಟೆ.